ಪಿಎಫ್ ಹಣಕ್ಕೆ ಕೈಹಾಕುವ ಮುನ್ನ

ಡೊಂಬಿವಲಿ

ಚಿರಂಜೀವಿ ಮಗನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಚೌತಿಗೆ ಬಂದಿದ್ದಾಗ ನೀನು, ನಮ್ಮ ಕಾಲಕ್ಕೆ ಪಿಂಚಣಿ ಉಳಿಯುತ್ತದೆಂಬ ನಂಬಿಕೆಯಿಲ್ಲ, ಕೆಲಸ ಬದಲಿಸುವಾಗ ಪಿಎಫ್ ತೆಗೆದು ಪುಣೆಯ ವಾಕಡ್‌ನ ಫ್ಲ್ಯಾಟಿಗೆ ಮುಂಗಡ ಕೊಡುತ್ತೇನೆ ಎಂದೆ. ಅಂದಿನಿಂದ ನನಗೆ ಅದೇ ಯೋಚನೆಯಾಗಿದೆ.

ನಿನ್ನ ಅನುಮಾನ ತಪ್ಪಲ್ಲ. ಸೇನೆಯವರನ್ನು ಬಿಟ್ಟರೆ ಕೇಂದ್ರ ಸರ್ಕಾರಕ್ಕೆ 2004ರ ಜನವರಿಯಿಂದ ಸೇರಿದವರಿಗೂ, ಮಹಾರಾಷ್ಟ್ರ ಸರ್ಕಾರಕ್ಕೆ 2005ರ ನವೆಂಬರ್‌ನಿಂದ ಸೇರಿದವರಿಗೂ ಹಳೆಯ ಪಿಂಚಣಿ ತಪ್ಪಿಹೋಯಿತು. ಖಾಸಗಿ ನೌಕರರಿಗೆ ಪಿಎಫ್ ಜೊತೆ ಬರುವ ಪಿಂಚಣಿ ಇನ್ನೂ ತೆಳು. ಪಿಂಚಣಿಯ ಲೆಕ್ಕಕ್ಕೆ 2014ರಲ್ಲಿ ಗೊತ್ತುಮಾಡಿದ 15,000 ರೂಪಾಯಿ ವೇತನಮಿತಿಯನ್ನೇ ಹಿಡಿದರೆ, 33 ವರ್ಷ ದುಡಿದವನಿಗೆ ನಿಯಮದಂತೆ 2 ವರ್ಷ ಹೆಚ್ಚಿಗೆ ಸೇರಿಸಿ, ಆ ಮೊತ್ತವನ್ನು 35ರಿಂದ ಗುಣಿಸಿ 70ರಿಂದ ಭಾಗಿಸಿದಾಗ ಬರುವುದು ತಿಂಗಳಿಗೆ 7,500 ರೂಪಾಯಿ. ಬೆಲೆ ಏರಿದರೂ ಅದು ತಾನಾಗಿ ಏರುವುದಿಲ್ಲ. ಆದ್ದರಿಂದಲೇ ನಿನ್ನ ಹೆಸರಿನಲ್ಲಿರುವ ಗಂಟನ್ನು ನೀನು ಬಿಚ್ಚಬಾರದೆನ್ನುತ್ತೇನೆ.

ನಾನು ಬಿಚ್ಚಿದವನು. 9 ವರ್ಷ ದುಡಿದ ಕಾರ್ಖಾನೆಯನ್ನು ಬಿಟ್ಟಾಗ, ಖೋಲಿಯ ಡಿಪಾಸಿಟ್ಟಿಗೆಂದು ಪಿಎಫ್ ಜೊತೆ ಪಿಂಚಣಿಯ ಪಾಲನ್ನೂ ತೆಗೆದುಕೊಂಡೆ. ಸೇವಾವಧಿಯ ಪ್ರಮಾಣಪತ್ರ ಪಡೆದು ಆ ವರ್ಷಗಳನ್ನು ಮುಂದಿನ ನೌಕರಿಗೆ ಸೇರಿಸಬಹುದಿತ್ತು; ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮುಂದಿನ 14 ವರ್ಷಕ್ಕಷ್ಟೇ ಈಗ ಪಿಂಚಣಿ, ತಿಂಗಳಿಗೆ ಎರಡು ಸಾವಿರವೂ ತುಂಬುವುದಿಲ್ಲ. ಅದಕ್ಕಾಗಿಯೂ ವರ್ಷಕ್ಕೊಮ್ಮೆ ಬದುಕಿದ್ದೇನೆಂದು ಯಂತ್ರದ ಮೇಲೆ ಬೆರಳೊತ್ತಬೇಕು. ಲೇತ್ ಮುಂದೆ ಸವೆದ ಹೆಬ್ಬೆರಳಿನ ಗುರುತು ಹತ್ತದೆ, ಹೋದ ಸಲ ನಾಲ್ಕು ಬಾರಿ ಸೆರಗಿನಲ್ಲಿ ಒರೆಸಿಕೊಟ್ಟವಳು ನಿನ್ನ ದೊಡ್ಡಮ್ಮ.

ಫ್ಲ್ಯಾಟು ಬೇಕು, ನಿಜ. ಎರಡು ವರ್ಷ ತಡವಾದರೂ ಆದೀತು, ಆದರೆ ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ತೆಗೆದ ಹಣದ ಮೇಲೆ ಮೂವತ್ತು ವರ್ಷ ಬೆಳೆಯಬೇಕಿದ್ದ ಬಡ್ಡಿಯನ್ನು ಮತ್ತೆ ಯಾರೂ ತಂದುಕೊಡಲಾರರು. ಪಿಎಫ್ ಅನ್ನು ಹೊಸ ಕಂಪನಿಗೆ ವರ್ಗಾಯಿಸು. ಅದರ ಹೊರಗೆ ಸರ್ಕಾರದ ದೀರ್ಘಾವಧಿ ಉಳಿತಾಯವಾದ ಪಿಪಿಎಫ್ ಖಾತೆಯೊಂದನ್ನು ತೆರೆದು, ಪ್ರತಿ ತಿಂಗಳು 5ನೇ ತಾರೀಖಿನೊಳಗೆ ಕಟ್ಟು. ತಡವಾದರೆ ಆ ಕಂತಿಗೆ ಆ ತಿಂಗಳ ಬಡ್ಡಿ ಸಿಗದು. ಒಮ್ಮೆ ತೆರೆದರೆ 15 ವರ್ಷದ ಕಟ್ಟುಪಾಡು, ನನ್ನಂಥ ಕೈಬಿಚ್ಚಿನವರಿಗೆ ಅದೇ ಕಾವಲು.

ಮುಂದಿನ ಭಾನುವಾರ ಬರುವಾಗ ಪಿಎಫ್ ಪಾಸ್‌ಬುಕ್ ಜೊತೆ ಸೇವಾ ವಿವರದ ಪುಟವನ್ನೂ ಮುದ್ರಿಸಿಕೊಂಡು ಬಾ. ಹಳೆಯ ಕಂಪನಿಯವರು ನೀನು ಕೆಲಸ ಬಿಟ್ಟ ದಿನಾಂಕವನ್ನು ದಾಖಲಿಸಿದ್ದಾರೋ ಇಲ್ಲವೋ ಕೂತು ನೋಡೋಣ.

ಇಂತಿ,
ನಿನ್ನ ದೊಡ್ಡಪ್ಪ