ಶಾಲೆ ವಿಲೀನ: ಆದೇಶಕ್ಕೆ ಮುಂಚೆ ಲೆಕ್ಕ ಹಾಕಿ

ಮಾನ್ಯರೇ,

ಮಕ್ಕಳು ಕಡಿಮೆ ಇದ್ದಾರೆಂದು ಗೊಲ್ಲರಹಟ್ಟಿ, ತಾಂಡಾಗಳ ಕಿರಿಯ ಪ್ರಾಥಮಿಕ ಶಾಲೆಗಳನ್ನು ದೊಡ್ಡ ಊರಿನ ಶಾಲೆಗೆ ಸೇರಿಸುವ ಮಾತು ಚಳ್ಳಕೆರೆ, ಮೊಳಕಾಲ್ಮುರು ಕಡೆ ಆಗಾಗ ಏಳುತ್ತದೆ. ಎಲ್ಲ ಸೌಲಭ್ಯ ಒಂದೇ ಕಡೆ ಸಿಗುತ್ತದೆ ಎಂಬ ವಾದ ಕೇಳಲು ಚೆನ್ನಾಗಿದೆ. ಲೆಕ್ಕ ಹಾಗೆ ಹೇಳುವುದಿಲ್ಲ.

ಹಟ್ಟಿ ಶಾಲೆಯಲ್ಲಿ 20, ಊರ ಶಾಲೆಯಲ್ಲಿ 35 ಮಕ್ಕಳಿದ್ದಾರೆ ಎಂದುಕೊಳ್ಳಿ. ಶಿಕ್ಷಣ ಹಕ್ಕು ಕಾಯ್ದೆಯಂತೆ ಒಂದರಿಂದ ಐದನೇ ತರಗತಿಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಎರಡು ಶಾಲೆಗೆ ನಾಲ್ವರು. ಸೇರಿಸಿದರೆ 55 ಮಕ್ಕಳಿಗೆ ಇಬ್ಬರೇ. ಕೇಂದ್ರದ ಸಮಗ್ರ ಶಿಕ್ಷಣ ಯೋಜನೆಯ ಮಾನದಂಡದಲ್ಲಿ ಶಾಲಾ ಅನುದಾನ 30 ಮಕ್ಕಳವರೆಗೆ 10,000 ರೂಪಾಯಿ, ಅದು ದಾಟಿ 100ರವರೆಗೆ 25,000. ಒಟ್ಟು 35,000 ಬರುತ್ತಿದ್ದ ಕಡೆ 25,000 ಉಳಿಯುತ್ತದೆ. ಕಾಯಂ ಶಿಕ್ಷಕರು 'ಹೆಚ್ಚುವರಿ' ಪಟ್ಟಿ ಸೇರಿ ಬೇರೆಡೆಗೆ ಹೋಗುತ್ತಾರೆ. ಅತಿಥಿ ಶಿಕ್ಷಕಿಗೆ ಆ ಪಟ್ಟಿಯೂ ಇಲ್ಲ, ನೇರ ಮನೆಗೆ.

ಸೇರಿಸುವ ಹೆಸರಲ್ಲಿ ದನಿ ಇಲ್ಲದವರ ಶಾಲೆ ಮುಚ್ಚುವುದು ಅಮೆರಿಕದಲ್ಲಿ ದೊಡ್ಡ ಪ್ರಮಾಣದಲ್ಲೇ ನಡೆದಿದೆ. ಬಿಳಿಯರಿಗೊಂದು, ಕಪ್ಪುವರ್ಣೀಯರಿಗೊಂದು ಶಾಲೆ ಎಂಬ ಪದ್ಧತಿ ಸಂವಿಧಾನಬಾಹಿರ ಎಂದು 1954ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ತೀರ್ಪು ಸರಿಯಾಗಿಯೇ ಇತ್ತು, ಆದರೆ ಜಾರಿ ಸ್ಥಳೀಯ ಶಾಲಾ ಮಂಡಳಿಗಳ ಕೈಯಲ್ಲಿತ್ತು. ದಕ್ಷಿಣದ ರಾಜ್ಯಗಳಲ್ಲಿ ಶಾಲೆ ಸೇರಿಸುವಾಗ ಬಾಗಿಲು ಮುಚ್ಚಿದ್ದು ಹೆಚ್ಚಾಗಿ ಕಪ್ಪುವರ್ಣೀಯರ ಶಾಲೆಗಳೇ. ಅವರ ಸಾವಿರಾರು ಶಿಕ್ಷಕರು, ಮುಖ್ಯಶಿಕ್ಷಕರು ಕೆಲಸ ಕಳೆದುಕೊಂಡರು. ವರ್ಜೀನಿಯಾದ ಪ್ರಿನ್ಸ್ ಎಡ್ವರ್ಡ್ ಕೌಂಟಿಯಂತೂ 1959ರಲ್ಲಿ ಶಾಲೆಗಳಿಗೆ ಹಣ ಕೊಡುವುದನ್ನೇ ನಿಲ್ಲಿಸಿ ಸರ್ಕಾರಿ ಶಾಲೆಗಳಿಗೆಲ್ಲ ಬೀಗ ಹಾಕಿತು. ಬಿಳಿ ಮಕ್ಕಳಿಗೆ ಖಾಸಗಿ ಶಾಲೆ ಎದ್ದಿತು. ಬಹುಪಾಲು ಕಪ್ಪುವರ್ಣೀಯ ಮಕ್ಕಳಿಗೆ, 1964ರಲ್ಲಿ ಕೋರ್ಟ್ ಮತ್ತೆ ಕಿವಿ ಹಿಂಡುವವರೆಗೆ, ಶಾಲೆಯೇ ಇರಲಿಲ್ಲ.

ನಮ್ಮಲ್ಲಿ ಅಂಥ ದುರುದ್ದೇಶವಿದೆ ಎನ್ನುತ್ತಿಲ್ಲ. ಆದರೆ ಇಲ್ಲೂ ಪೆಟ್ಟು ಬೀಳುವುದು ಪಂಚಾಯಿತಿಯಲ್ಲಿ ದನಿ ಇಲ್ಲದ ಕೇರಿಗೇ. ವಿಲೀನವಾದ ಮೇಲೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಹೊಸದಾಗಿ ರಚನೆಯಾಗುತ್ತದೆ, ಹಟ್ಟಿಯ ಪೋಷಕರು ಅಲ್ಲಿ ಅಲ್ಪಸಂಖ್ಯಾತರು. ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು, ಹಿಂದುಳಿದವರಿಗೆ ಅವರ ಮಕ್ಕಳ ಸಂಖ್ಯೆಗೆ ತಕ್ಕ ಸ್ಥಾನ ಕೊಡಬೇಕು ಎನ್ನುತ್ತದೆ ಕಾಯ್ದೆ. ಸಭೆ ಕರೆಯುವುದು ಮಾತ್ರ ಬೆಳಿಗ್ಗೆ 11ಕ್ಕೆ! ಕುರಿ ಹೊಡೆದುಕೊಂಡು ಹೋದವರು, ಕೂಲಿಗೆ ಹೋದವರು ಬರುವುದೆಲ್ಲಿಂದ? ನಡಾವಳಿ ಪುಸ್ತಕ ಆಮೇಲೆ ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತದೆ.

ಪ್ರಸ್ತಾವ ಬಂದ ಊರಿನವರು ಸಂಜೆ ಏಳರ ನಂತರ ವಿಶೇಷ ಸಭೆ ಕೇಳಬೇಕು. ಕಿರಿಯ ಪ್ರಾಥಮಿಕ ಶಾಲೆ ಒಂದು ಕಿ.ಮೀ. ಒಳಗಿರಬೇಕೆಂಬುದು ನಿಯಮ. ಆ ದೂರವನ್ನು ನಕ್ಷೆಯಲ್ಲಿ ಗೆರೆ ಎಳೆದು ಅಳೆಯದೆ, ಮಗು ನಡೆಯುವ ದಾರಿಯಲ್ಲೇ ಅಳೆದು, ನಡುವಿನ ಹಳ್ಳ, ಹೆದ್ದಾರಿಯನ್ನು ಠರಾವಿನಲ್ಲಿ ಬರೆಸಬೇಕು. ಮೇಲಿನ ಶಿಕ್ಷಕರ, ಅನುದಾನದ ಲೆಕ್ಕವೂ ಅದರಲ್ಲಿರಲಿ. ಖಾಲಿ ಹಾಳೆಗೆ ಸಹಿ ಬೇಡ. ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಗೆ ಕೊಟ್ಟು, ಮೊಹರು ಬಿದ್ದ ಸ್ವೀಕೃತಿ ಪಡೆಯಿರಿ. ಬಾಯಲ್ಲಿ ಹೇಳಿದ ವಿರೋಧ ಕಡತದಲ್ಲಿ ಇರುವುದಿಲ್ಲ.

– ಕೆಲವು ನಿವೃತ್ತ ಮುಖ್ಯಶಿಕ್ಷಕರು, ಚಿತ್ರದುರ್ಗ ಜಿಲ್ಲೆ