ಕಫ್‌ಲಿಂಕ್ ಕೆಲಸ ಮುಗಿಯಿತು, ಈಗ ಋಣದ ಲೆಕ್ಕ

ಮದುವೆಮನೆಗೆ ಬೆಳ್ಳಿ ಕಫ್‌ಲಿಂಕ್‌ಗಳನ್ನೆಲ್ಲ, ಅಂದರೆ ಅಂಗಿಯ ತೋಳಿನ ತುದಿಗೆ ಗುಂಡಿಯ ಬದಲು ಹಾಕುವ ಜೋಡಿ ಬಿಲ್ಲೆಗಳನ್ನು, ತಲುಪಿಸಿ ಬಂದೆ. ನಾಗರ್ತಪೇಟೆಯಲ್ಲಿ ಚಿನ್ನದ ಕೆಲಸಕ್ಕೇ ಕೂತವನಿಗೆ ಬೆಳ್ಳಿಯಲ್ಲಿ ಇದೇ ಮೊದಲ ದೊಡ್ಡ ಆರ್ಡರ್. ಮಿಷಿನ್ ಒಡವೆ ಬಂದು, ಚಿನ್ನದ ದರವೂ ಕೈಗೆ ಸಿಗದಂತಾದ ಮೇಲೆ ನಮ್ಮಂಥ ಅಕ್ಕಸಾಲಿಗರು ಖಾಲಿ ಕೂತ ದಿನಗಳೇ ಹೆಚ್ಚು. ಆಗ ಜೊತೆಗಿದ್ದವರ ಹೆಸರು ಹಾಕಿದರೆ ಬೈತಾರೆ, ಹಾಗಾಗಿ ಹೆಸರಿಲ್ಲದೆ ಹೇಳುತ್ತೇನೆ.

ಮೊದಲು, ಆರ್ಡರ್ ಕೊಟ್ಟ ಅಕ್ಕನಿಗೆ. 2025ರಲ್ಲಿ ಬೆಳ್ಳಿ ಕಿಲೋಗೆ ಲಕ್ಷ ದಾಟಿ ಓಡುತ್ತಿದ್ದಾಗ ಬೆಳ್ಳಿಯ ಪೂರ್ತಿ ದುಡ್ಡು ಮುಂಗಡ ಇಟ್ಟರು. ಗಂಡಭೇರುಂಡ ಆರಿಸಿದ್ದಕ್ಕೆ ಇನ್ನೊಂದು ನಮಸ್ಕಾರ. ಎರಡು ತಲೆ ಎರಡು ಕಡೆ ನೋಡುವುದರಿಂದ ಎಡಗೈಗೂ ಬಲಗೈಗೂ ಒಂದೇ ನಕ್ಷೆ ನಡೆಯಿತು. ನವಿಲು ಕೇಳಿದ್ದರೆ ಪ್ರತಿ ಜೊತೆಗೂ ಒಂದನ್ನು ತಿರುಗಿಸಿ ಬರೆದು ಕೊರೆಯಬೇಕಿತ್ತು.

ನಮ್ಮ ಬೀದಿಯ ದರ್ಜಿ ಅಣ್ಣನಿಗೆ. ಕಫ್‌ಲಿಂಕ್ ಹಾಕುವ ಈ ಅಂಗಿಯ ತೋಳಿನ ತುದಿ ಹಿಂದಕ್ಕೆ ಮಡಿಸುವಂಥದ್ದು. ಎರಡು ತುದಿ ಸೇರಿಸಿದಾಗ ನಾಲ್ಕು ಕಾಜಾ ಒಂದೇ ಸಾಲಿಗೆ ಬರಬೇಕು, ಅಷ್ಟನ್ನೂ ಕಫ್‌ಲಿಂಕಿನ ಕಾಲು, ಅಂದರೆ ಬಿಲ್ಲೆಯ ಹಿಂದೆ ನಿಲ್ಲುವ ಕಂಬಿ, ದಾಟಬೇಕು. ಕಾಲು ಗಿಡ್ಡವಾದರೆ ಬಟ್ಟೆ ಸುಕ್ಕಾಗುತ್ತದೆ, ಉದ್ದವಾದರೆ ಬಿಲ್ಲೆ ಜೋತು ಬೀಳುತ್ತದೆ. ಅವರು ಹೊಲಿದ ತೋಳನ್ನೇ ಕಳಿಸಿಕೊಟ್ಟರು. ಅಳತೆ ಪಟ್ಟಿಗಿಂತ ಅದು ಎಷ್ಟೋ ವಾಸಿ.

ಚಿಕ್ಕಪ್ಪನ ಋಣ ಮಾತ್ರ ಒಂದೆರಡು ಸಾಲಿನಲ್ಲಿ ತೀರುವಂಥದ್ದಲ್ಲ. ನಾವು ಬಳಸಿದ ತಗಡಿನಲ್ಲಿ ನೂರು ಭಾಗಕ್ಕೆ 92.5 ಬೆಳ್ಳಿ, ಉಳಿದದ್ದು ತಾಮ್ರ. ಈ ತಗಡು ಬಡಿದಷ್ಟೂ ಗಡುಸಾಗುತ್ತದೆ, ನಡುನಡುವೆ ಕಾಯಿಸಿ ಮೆದು ಮಾಡಬೇಕು. ಕಾಯಿಸುವಾಗಲೆಲ್ಲ ಅವರದ್ದು ಒಂದೇ ಮಾತು: "ಟ್ಯೂಬ್‌ಲೈಟ್ ಆರಿಸೋ, ಬಣ್ಣ ನೋಡ್ಬೇಕು." ಮಬ್ಬು ಬೆಳಕಿನಲ್ಲಷ್ಟೇ ಆ ಮಂಕು ಕೆಂಪು ಕಾಣುವುದು. ಅದನ್ನು ಮೀರಿ ಕಾಯಿಸಿದರೆ ತಗಡು ಕೆಡುತ್ತದೆ. ಬೆಸುಗೆಯ ಸರದಿಯನ್ನೂ ಅವರೇ ಕಾಯ್ದರು. ಕೊರೆದ ಬಿಲ್ಲೆಯನ್ನು ಅಡಿಯ ಬಿಲ್ಲೆಗೆ ಕೂರಿಸುವಾಗ ಹೆಚ್ಚು ಶಾಖಕ್ಕೆ ಕರಗುವ ಬೆಸುಗೆ, ಆಮೇಲೆ ಹಿಂದೆ ಕಾಲು ನಿಲ್ಲಿಸುವಾಗ ಕಡಿಮೆ ಶಾಖದ್ದು. ಇಲ್ಲದಿದ್ದರೆ ಎರಡನೇ ಸಲ ಉರಿ ಹಿಡಿದಾಗ ಮೊದಲನೆಯದು ಬಿಟ್ಟುಕೊಳ್ಳುತ್ತದೆ. ಕಾಲಿನ ತುದಿಯಲ್ಲಿ, ಕಾಜಾ ದಾಟಿದ ಮೇಲೆ ಅಡ್ಡ ತಿರುಗಿ ಹಿಡಿದುಕೊಳ್ಳುವ ಕಡ್ಡಿಯೊಳಗೆ ಸಣ್ಣ ಸ್ಪ್ರಿಂಗ್ ಇರುತ್ತದೆ, ಬಿಸಿ ತಾಗಿದರೆ ಅದರ ಬಿಗಿ ಹೋಗುತ್ತದೆ. ಹಾಗಾಗಿ ಎಲ್ಲ ಬೆಸುಗೆ ಮುಗಿದು ತಣ್ಣಗಾದ ಮೇಲೇ ಕಡ್ಡಿ ಸೇರಿಸಿ ರಿವೆಟ್ ಹೊಡೆದದ್ದು. ಎಪ್ಪತ್ತು ದಾಟಿದವರು, ಕೂಲಿ ಮಾತೆತ್ತಿದರೆ ಕಾಫಿ ತರಿಸು ಅಂದರು.

ಪಕ್ಕದ ಮಳಿಗೆಯವರು ತಗಡು ಎಳೆಯಲು ರೋಲಿಂಗ್ ಮಿಷಿನ್ ಬಿಟ್ಟುಕೊಟ್ಟರು, ಬಾಡಿಗೆ ಕೇಳಲಿಲ್ಲ. 18 ಮಿ.ಮೀ. ಅಗಲ, 1.2 ಮಿ.ಮೀ. ದಪ್ಪದ ಬಿಲ್ಲೆ ಮೂರು ಗ್ರಾಂ ಚಿಲ್ಲರೆ ತೂಗುತ್ತದೆ. ಅಷ್ಟು ಚಿಕ್ಕದರಲ್ಲಿ ರೆಕ್ಕೆಯ ಗರಿ ಬಿಡಿಸುವಾಗ ಜೇನುಮೇಣ ಸವರಿದರೂ ಗರಗಸದ ಎಳೆ ಪಟ್ ಅಂತ ಮುರಿಯುತ್ತಿತ್ತು. ಹೊಸ ಎಳೆಗಳನ್ನು ಸಾಲ ಕೊಟ್ಟವರೂ ಅವರೇ.

ಇನ್ನು ನಮ್ಮ ಮನೆಯವಳು. ಉರಿ ತಾಗಿದಾಗ ಬೆಳ್ಳಿಯೊಳಗಿನ ತಾಮ್ರದಿಂದ ನೇರಳೆ ಛಾಯೆಯ ಬೂದು ಕಲೆ ಏಳುತ್ತದೆ. ಹುಣಸೆ ನೀರಿಗೆ ಅದು ಜಗ್ಗುವುದಿಲ್ಲ. ಸಾಣೆಕಾಗದದಲ್ಲಿ ಉಜ್ಜಿ ಉಜ್ಜಿ ತೆಗೆದು, ಅಂಟುವಾಳದ ನೀರಲ್ಲಿ ಹಿತ್ತಾಳೆ ಬ್ರಷ್ ಹಾಕಿ ಬೆಳಗಿದ್ದು ಅವಳು. ಮದುವೆಯಲ್ಲಿ ಎಲ್ಲರೂ ಹೊಗಳಿದ್ದು ಆ ಹೊಳಪನ್ನು, ಕೊರೆತವನ್ನಲ್ಲ! ಹಾಲ್‌ಮಾರ್ಕ್ ಕೇಂದ್ರದವರು 925 ಗುರುತನ್ನು ನಕ್ಷೆಗೆ ತಾಗದ ಹಾಗೆ ಹಿಂಬದಿಗೆ ಹಾಕಿಕೊಟ್ಟರು, ಅವರಿಗೂ ವಂದನೆ.

ಫೋಟೋ ನೋಡಿ ಹಂಸ ಮಾಡ್ತೀರಾ ಅಂತ ಕೇಳಿದವರಿಗೆ: ಮಾಡ್ತೀನಿ. ಹಂಸಕ್ಕೆ ಒಂದೇ ತಲೆ, ಹಾಗಾಗಿ ಕೂಲಿ ಸ್ವಲ್ಪ ಜಾಸ್ತಿ. ಬೆಳ್ಳಿ ದರ ಅವತ್ತಿನದ್ದೇ.