ವಿಷಯ: ಮಳೆ ಬಂದರೆ ಮೂಕವಾಗುವ ನಿಮ್ಮ ವಿಎಚ್‌ಎಫ್ ರೇಡಿಯೋ ಸೆಟ್ (ಆರನೇ ದೂರು)

ಸರ್ವೀಸ್ ಮ್ಯಾನೇಜರ್ ಅವರಿಗೆ,
ಬೆಂಗಳೂರು

ಮಾನ್ಯರೇ,

ಫೋನ್ ಮಾಡಿ ಮಾಡಿ ಸಾಕಾಯಿತು, ಅದಕ್ಕೇ ಈ ಪತ್ರ. ನಾನು ಊರಾಚೆಯ ಒಂದು ಚಿಕ್ಕ ಏರ್‌ಫೀಲ್ಡಿನ ಟವರ್‌ನಲ್ಲಿ ಕಂಟ್ರೋಲರ್. ಯಾವುದು ಅಂತ ನಿಮಗೆ ಗೊತ್ತು. ಎ.ಎಂ.ಸಿ. (ವಾರ್ಷಿಕ ನಿರ್ವಹಣೆ ಒಪ್ಪಂದ) ಬಿಲ್ಲು ಪ್ರತಿ ಸಲ ಸರಿಯಾದ ವಿಳಾಸಕ್ಕೇ ಬರುತ್ತದೆ.

ರಾತ್ರಿ ಮಳೆಯಾದರೆ ಬೆಳಿಗ್ಗೆ ಪೈಲಟ್ ಮಾತು ನಮಗೆ ಕೇಳುತ್ತದೆ, ನಮ್ಮ ಮಾತು ಅವರಿಗೆ ಹೋಗುವುದಿಲ್ಲ. ಬಿಸಿಲೇರಿದ ಮೇಲೆ ತಾನಾಗಿ ಸರಿಹೋಗುತ್ತದೆ. ಸ್ಟ್ಯಾಂಡ್‌ಬೈ ಸೆಟ್‌ಗೆ ಬದಲಾಯಿಸಿದರೂ ಅದೇ ಕಥೆ, ಯಾಕೆಂದರೆ ಎರಡನ್ನೂ ನೀವು ಒಂದೇ ಟ್ರಾನ್ಸ್‌ಮಿಟ್ ಆಂಟೆನಾಗೆ ಕೊಟ್ಟಿದ್ದೀರಿ. ಮೇಲಿನ ಕನೆಕ್ಟರ್‌ಗೆ ನೀರು ಇಳಿಯುತ್ತಿದೆ ಅಂತ ಮೊದಲ ದೂರಿನಲ್ಲೇ ಹೇಳಿದ್ದೆ. ಮಳೆಗಾಲಕ್ಕೆ ಮುಂಚೆ ಕೇಬಲ್, ಆಂಟೆನಾ ನೋಡಬೇಕು ಅನ್ನುವುದು ನಿಮ್ಮದೇ ಷರತ್ತು. ಯಾವ ಪುಟ ಅಂತ ನಾನು ಹೇಳಬೇಕಿಲ್ಲ, ಅಲ್ವಾ?

ಕಳೆದ ಮಂಗಳವಾರ ಬೆಳಿಗ್ಗೆ ಒಂದು ಸೆಸ್ನಾ, ಚಿಕ್ಕ ವಿಮಾನ, ಇಳಿಯಲು ಫೈನಲ್‌ಗೆ ಬಂದಿತ್ತು. ಒಳಗೆ ಟ್ರೈನಿ ಹುಡುಗ ಒಬ್ಬನೇ. ರನ್‌ವೇ ಮೇಲೆ ಇನ್ನೊಂದು ವಿಮಾನ ಇನ್ನೂ ಇತ್ತು. 'ಗೋ ಅರೌಂಡ್', ಅಂದರೆ ಇಳಿಯದೆ ಮೇಲೇರು, ಅಂದೆ. ಮೂರು ಸಲ ಅಂದೆ. ಉತ್ತರವಿಲ್ಲ. ಹ್ಯಾಂಡ್‌ಹೆಲ್ಡ್ ರೇಡಿಯೋ ಎತ್ತಿಕೊಂಡರೆ ಬ್ಯಾಟರಿ ಸತ್ತಿತ್ತು. ಅದೂ ನಿಮ್ಮದೇ. ಕೊನೆಗೆ ಲೈಟ್ ಗನ್‌ನಲ್ಲಿ ಕೆಂಪು ದೀಪ ಹಿಡಿದೆ. ಹುಡುಗ ಪಾಠ ಮರೆತಿರಲಿಲ್ಲ, ಇಳಿಯದೆ ಮೇಲೆದ್ದು ಸುತ್ತು ಹಾಕಿದ. ಆಮೇಲೆ ಹಸಿರು ತೋರಿಸಿ ಇಳಿಸಿದೆ.

ನಾಲ್ಕು ಗಂಟೆಯೊಳಗೆ ಬರಬೇಕಾದ ನಿಮ್ಮ ಇಂಜಿನಿಯರ್ ಗುರುವಾರ ಮಧ್ಯಾಹ್ನ ಬಂದರು. ಹೆಬ್ಬಾಳದಲ್ಲಿ ಟ್ರಾಫಿಕ್ ಅಂತೆ. ಎರಡು ದಿನದ ಟ್ರಾಫಿಕ್. ಅಷ್ಟರಲ್ಲಿ ಎಲ್ಲಾ ಒಣಗಿ ಸೆಟ್ ಗಿಳಿಯ ಹಾಗೆ ಮಾತಾಡುತ್ತಿತ್ತು.

ಅವರು ತಮ್ಮ ಹ್ಯಾಂಡ್‌ಹೆಲ್ಡ್ ಹಿಡಿದು ನನ್ನಿಂದ ಎಂಟು ಅಡಿ ದೂರ ನಿಂತರು. "ಮೇಡಂ, ಎ ಫಾರ್ ಆಪಲ್ ಅನ್ನಿ ನೋಡೋಣ." ನಾನು ವಿಮಾನ ರೇಡಿಯೋದ ಪದ್ಧತಿಯಂತೆ "ಆಲ್ಫಾ" ಅಂದೆ. "ಅದಲ್ಲ ಮೇಡಂ, ಆಪಲ್." ಪುಣ್ಯಕ್ಕೆ ಆಕಾಶ ಖಾಲಿ ಇತ್ತು, ಆದರೆ ರೂಮು ಖಾಲಿ ಇರಲಿಲ್ಲ. ಹಿಂದೆ ಮೂವರು ಟ್ರೈನಿಗಳು. ಒಬ್ಬಳು ಬಾಯಿಗೆ ರಿಜಿಸ್ಟರ್ ಅಡ್ಡ ಹಿಡಿದಳು. ಹತ್ತೊಂಬತ್ತು ವರ್ಷ ಸರ್ವೀಸಾದ ನಾನು ಆಪಲ್ ಅಂದೆ. ಬಾಲ್ ಅಂದೆ. ಕ್ಯಾಟ್ ತನಕ ಹೋದೆವು. "ಫಸ್ಟ್ ಕ್ಲಾಸಾಗಿ ಕೇಳ್ತಿದೆಯಲ್ಲ! ನಿಮ್ಮ ವಾಯ್ಸೇ ಸ್ವಲ್ಪ ಸಾಫ್ಟು. ಜೋರಾಗಿ ಮಾತಾಡಿ ಮೇಡಂ, ಸೆಟ್‌ಗೆ ಏನೂ ಆಗಿಲ್ಲ."

ಎಂಟು ಅಡಿಗೆ ಆಂಟೆನಾ ಕಿತ್ತಿಟ್ಟರೂ ಕೇಳುತ್ತದೆ ಅಂದೆ. ಆಂಟೆನಾಗೆ ಹೋದ ಪವರ್ ಎಷ್ಟು, ವಾಪಸ್ ಬಂದದ್ದೆಷ್ಟು, ಮೀಟರ್ ಇಟ್ಟು ನೋಡಿ ಅಂದೆ. ಮೀಟರ್ ತಂದಿಲ್ಲ ಅಂದರು. ಮೇಲೆ ಹತ್ತಿ ಕನೆಕ್ಟರ್ ಬಿಚ್ಚಿ ಅಂದೆ. ಸೇಫ್ಟಿ ಬೆಲ್ಟ್ ತಂದಿಲ್ಲ ಅಂದರು. ತಂದಿದ್ದು ರಿಪೋರ್ಟ್ ಬುಕ್ಕು ಒಂದೇ. ಅದರಲ್ಲಿ 'ಫಾಲ್ಟ್ ಇಲ್ಲ, ಯೂಸರ್‌ಗೆ ಟ್ರೈನಿಂಗ್ ಕೊಡಲಾಗಿದೆ' ಅಂತ ಬರೆದು ಸಹಿ ಕೇಳಿದರು. ನಾನು ಹಾಕಲಿಲ್ಲ.

ಟ್ರೈನಿಂಗ್ ಕೊಡುವವರು ಟೆನೆರೀಫ್ ಹೆಸರು ಕೇಳಿರುತ್ತೀರಿ. 1977ರ ಮಾರ್ಚ್ 27ರಂದು ಅಲ್ಲಿನ ರನ್‌ವೇ ಮೇಲೆ ಎರಡು ವಿಮಾನ ಡಿಕ್ಕಿಯಾದವು. ಅಲ್ಲಿ ಸೆಟ್ ಕೆಟ್ಟಿರಲೂ ಇಲ್ಲ. ಟವರ್ ಮತ್ತು ಒಂದು ವಿಮಾನ ಒಂದೇ ಹೊತ್ತಿಗೆ ಮಾತಾಡಿದ್ದಕ್ಕೆ ಇನ್ನೊಂದು ವಿಮಾನಕ್ಕೆ ಕೆಲವು ಸೆಕೆಂಡು ಬರೀ ಕೀರಲು ಶಬ್ದ ಕೇಳಿಸಿತು. ಬೇರೆ ಕಾರಣಗಳೂ ಇದ್ದವು, ನಿಜ. ಸತ್ತವರು 583 ಜನ. ನಮ್ಮಲ್ಲಿ ಸೆಕೆಂಡಲ್ಲ, ಇಡೀ ಬೆಳಗ್ಗೆಯೇ ಹೋಗುತ್ತಿದೆ.

ಟವರ್‌ನ ರೇಡಿಯೋ, ಫೋನ್ ಎರಡೂ ರೆಕಾರ್ಡ್ ಆಗುತ್ತವೆ. ನಿಮ್ಮ ಆಫೀಸಿನವರು ಐದು ಸಲ 'ನಾಳೆ ಕಳಿಸ್ತೀವಿ' ಅಂದದ್ದೂ ಇದೆ. ಆಪಲ್, ಬಾಲ್, ಕ್ಯಾಟೂ ಇದೆ. ವಿಮಾನಯಾನ ನಿಯಂತ್ರಕರಾದ ಡಿಜಿಸಿಎಗೆ ಹೋಗುವ ವರದಿಯ ಜೊತೆ ಅದನ್ನೂ ಲಗತ್ತಿಸುತ್ತಿದ್ದೇನೆ. ಬಿಲ್ಲು ಪಾಸ್ ಮಾಡಬೇಡಿ ಅಂತ ಅಕೌಂಟ್ಸ್‌ಗೆ ನೋಟ್ ಹೋಗಿಯಾಗಿದೆ. ಕನೆಕ್ಟರ್ ಬದಲಿಸಿದರೆ ಸಂತೋಷ. ಬದಲಿಸಿದರೂ ವರದಿ ವಾಪಸ್ ಬರುವುದಿಲ್ಲ.

ಇಂತಿ,
ಟ್ರೈನಿಂಗ್ ಪಡೆದ ಯೂಸರ್